ಹಳ್ಳದಾಚೆಯಿಂದ ಕರೆಯುವ ರಾಗ

ಯಲ್ಲಾಪುರದ ಕಾಡಂಚು
ಫೆಬ್ರವರಿ ಮೂವತ್ತು, ಇಸವಿ ೨೨೯೧

ಹಿರಿಯಜ್ಜಿ ನತಾಲಿನಾ ಸಿದ್ದಿ ಅವರಿಗೆ, ನಿಮ್ಮ ಮರಿಮಕ್ಕಳ ಮರಿಮಗಳು ಲುಸಿನಾ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳಿಗೆ ಹೆಸರಿಲ್ಲ, ಆಗ ಯಾರೂ ಮನೆಯಿಂದ ಹೊರಡುವುದಿಲ್ಲ. ನನ್ನ ಮಾತು ಒಣಒಣ ಎನಿಸಿದರೆ ಕ್ಷಮಿಸಿ. ನಾನು ಮಾತು ಕಲಿತದ್ದು ಉಲಿಗಲ್ಲಿನಿಂದ. ತೊಟ್ಟಿಲಿಗೆ ಕಟ್ಟುವ, ಹುಣಸೆಬೀಜದ ಗಾತ್ರದ, ಮಾತಾಡುವ ಕಲ್ಲು ಅದು. ಶಬ್ದಗಳನ್ನು ತಪ್ಪಿಲ್ಲದೆ ಕಲಿಸುತ್ತದೆ, ರಾಗವನ್ನು ಕಲಿಸುವುದಿಲ್ಲ. ಮದುವೆಯನ್ನೂ ಸಾವನ್ನೂ ನಾವು ಒಂದೇ ದನಿಯಲ್ಲಿ ಹೇಳುತ್ತೇವೆ.

ನಿಮ್ಮ ಕಾಲದ ಸಿದ್ದಿ ಜನರ ಮಾತಿನಲ್ಲಿ ಆಫ್ರಿಕದ ಹಿರೀಕರ ಏರಿಳಿತ ಉಳಿದಿತ್ತಂತೆ. ಹೆಸರು ಹಿಡಿದು ಕರೆದರೆ ದನಿ ಮೇಲೇರಿ, ಕೊನೆಯಲ್ಲಿ ತುಂಬಿದ ಕೊಡವನ್ನು ನೆಲಕ್ಕಿಟ್ಟ ಹಾಗೆ ಮೆಲ್ಲಗೆ ಇಳಿಯುತ್ತಿತ್ತಂತೆ. ಶಾಲೆಗಳಲ್ಲಿ ಬೇರೆಯವರು ಅದನ್ನು ಆಡಿಕೊಂಡು ನಕ್ಕರು. ನಮ್ಮವರು ನಾಚಿ ಆ ರಾಗವನ್ನೇ ಕೈಬಿಟ್ಟರು. ಹಿರಿಯರ ಪೂಜೆಯಲ್ಲಿ ಸತ್ತವರನ್ನು ಕರೆಯಲು ಮಾತ್ರ ಇಟ್ಟುಕೊಂಡರು. ಹಾಗೆ ಕರೆಯಬಲ್ಲ ಮುದುಕರೂ ಹೋದರು. ಈಗ ಆ ರಾಗ ಗೊತ್ತಿರುವುದು ಸತ್ತವರಿಗೆ ಮಾತ್ರ.

ರಾಗ ಹೋಯಿತು, ಕಟ್ಟಳೆ ಉಳಿಯಿತು. ಕಾಡಿನಲ್ಲಿ ಸಪಾಟು ದನಿ ಕರೆದರೆ ಓಗೊಡಬೇಡ, ಇಳಿದು ಬರುವ ದನಿ ನಮ್ಮವರದು, ಅತ್ತ ಹೋಗು ಎಂದು ಮಕ್ಕಳಿಗೆ ಇಂದಿಗೂ ಹೇಳುತ್ತೇವೆ. ಹೇಳುವ ನಮ್ಮ ದನಿಯೇ ಸಪಾಟು ಎಂಬುದು ಯಾರಿಗೂ ಹೊಳೆಯಲಿಲ್ಲ. ನಾನೂ ನನ್ನ ಮಗಳು ಸೆಬಿನಾಗೆ ಹಾಗೇ ಹೇಳಿಕೊಟ್ಟೆ.

ಮೊನ್ನೆ ನಡುಮಧ್ಯಾಹ್ನ ಹಳ್ಳದಾಚೆಯಿಂದ ಯಾರೋ ಅವಳ ಹೆಸರು ಕರೆದರು. ದನಿ ಏರಿತು, ಇಳಿಯಿತು. ನನ್ನ ಮೈ ಜುಮ್ಮೆಂದಿತು. ಅಷ್ಟು ಚೆಂದದ ಕರೆಯನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಸೆಬಿನಾ ಆಗಲೇ ನೀರಿಗಿಳಿದಿದ್ದಳು. ನಾನು ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ. ಓಡಿಹೋಗಿ ಎಳೆದು ತಂದೆ.

"ಅವ್ವಾ, ನಮ್ಮೋರು ಕರೀತಿದ್ರು. ನೀ ಕರದಿದ್ದೂ ಕೇಳ್ತು. ಅಂಥಾ ಸಪಾಟು ದನಿಗೆ ಓಗೊಡಬ್ಯಾಡ ಅಂತ ನೀನೇ ಹೇಳಿದ್ದಿ" ಎಂದಳು.

ಈಗ ದಿನಾ ಕರೆ ಬರುತ್ತಿದೆ. ಅಂಗಳದಲ್ಲಿ ನಿಂತು ಅವಳ ಹೆಸರನ್ನು ಏರಿಸಿ ಇಳಿಸಲು ಹೆಣಗುತ್ತೇನೆ, ಗಂಟಲು ಬಗ್ಗುವುದಿಲ್ಲ. ಅವಳು ಬಾಗಿಲ ಹಿಂದೆ ಅಡಗಿ ನನ್ನನ್ನೇ ಅನುಮಾನದಿಂದ ನೋಡುತ್ತಾಳೆ. ನನಗೆ ಭಯವಾಗುತ್ತಿದೆ.

ಪೂಜೆಯಲ್ಲಿ ಹಿರಿಯರೆಂದು ಇಡುವ ತೆಂಗಿನಕಾಯಿಯ ಕೆಳಗೆ ಈ ಕಾಗದ ಇಡುತ್ತೇನೆ. ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೋಗುವ ದಾರಿ ನನಗೆ ಅದೊಂದೇ ಗೊತ್ತು. ಅಜ್ಜಿ, ಇದು ಕೈಸೇರಿದಾಗ ನೀವಿನ್ನೂ ಬದುಕಿದ್ದರೆ, ನಿಮ್ಮ ಮಗಳನ್ನು ಸಂಕೋಚವಿಲ್ಲದೆ ಊರಿಗೆಲ್ಲ ಕೇಳುವಂತೆ ಕರೆಯಿರಿ. ಅವಳೂ ತನ್ನ ಮಗಳನ್ನು ಹಾಗೇ ಕರೆಯಲಿ.

ಹಳ್ಳದಾಚೆ ನಿಂತು ಕರೆಯುತ್ತಿರುವವರು ನೀವೇ ಆಗಿದ್ದರೆ, ಸೆಬಿನಾಳ ಹೆಸರು ಬಿಟ್ಟುಬಿಡಿ. ನನ್ನ ಹೆಸರು ಕರೆಯಿರಿ. ನಾನು ಬರುತ್ತೇನೆ.