ತೊಗರಿ ಹೂವಿನ ಹಚ್ಚೆ

ಶಹಾಬಾದ
೨೪ ನವೆಂಬರ್ ೨೦೨೪

ನನ್ನ ಭಾಗ್ಯಾ,

ಫೋನು ಪಕ್ಕದಲ್ಲೇ ಇದ್ದರೂ ಕಾಗದ ಬರೆಯಲು ಕೂತಿದ್ದೇನೆಂದು ನೀನು ನಗಬಹುದು. ಫೋನಿನಲ್ಲಿ ಹೇಳಹೋದರೆ ನಾನು ಅರ್ಧಕ್ಕೇ ಅತ್ತುಬಿಡುತ್ತೇನೆ, ಆಮೇಲೆ ನೀನೇ ನನಗೆ ಸಮಾಧಾನ ಹೇಳಬೇಕಾಗುತ್ತದೆ. ಅದು ಬೇಡ.

ಶ್ರಾವಣದಲ್ಲಿ ನೀನು ಚಿಂಚೋಳಿಯಿಂದ ಬಸ್ಸು ಬದಲಾಯಿಸಿಕೊಂಡು ನನ್ನ ಹಚ್ಚೆ ಅಂಗಡಿಗೆ ಬಂದೆ. ಬಾಗಿಲು ಹಾಕಿಸಿ, ಸೆರಗು ಸರಿಸಿ, ಆಪರೇಷನ್ ಆದ ಜಾಗ ತೋರಿಸಿದೆ. ಬಲಗಡೆ ಎದೆ ಇದ್ದಲ್ಲಿ ಕಂಕುಳವರೆಗೆ ಎಳೆದಂಥ ಗೆರೆ. ಡಾಕ್ಟರು ಅಡ್ಡಿಯಿಲ್ಲ ಅಂದಿದ್ದಾರೆ, ಇದರ ಮೇಲೆ ಏನಾದರೂ ಹಚ್ಚೆ ಹಾಕು, ಸ್ನಾನಕ್ಕೆ ಹೋದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಸಾಕಾಗಿದೆ ಎಂದೆ. ನಾನು "ನನಗ ಬರೂದಿಲ್ಲ ಭಾಗ್ಯಾ, ಇಂಥಾ ಚರ್ಮದ ಮ್ಯಾಲ ಎಂದೂ ಮಾಡಿಲ್ಲ" ಅಂದೆ. ನೀನು ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಾ, "ಹಂಗಾರ ಕಲ್ತು ಬಾ. ನಾ ಎಲ್ಲಿ ಹೋಗ್ತೀನಿ?" ಅಂದೆ. ನೀನು ಹೋದ ಮೇಲೆ ಆ ಮಾತು ನನ್ನನ್ನು ಬಿಡಲೇ ಇಲ್ಲ.

ನನ್ನ ಮೊದಲ ಕಾಗದವೇ ನಿನ್ನ ಕೈ ಅಲ್ಲವೇನೇ? ನೀನು ಕುರಕುಂಟಾದಿಂದ ಬೆಳಗಿನ ಪ್ಯಾಸೆಂಜರಿಗೆ ಸೇಡಂ ಕಾಲೇಜಿಗೆ ಬರುತ್ತಿದ್ದೆ. ಅರ್ಥಶಾಸ್ತ್ರದ ತಾಸಿನಲ್ಲಿ ಬೆಂಚಿನ ಕೆಳಗೆ ನಿನ್ನ ಮುಂಗೈ ಎಳೆದುಕೊಂಡು ನೀಲಿ ಪೆನ್ನಿನಿಂದ ನವಿಲು, ಬಳ್ಳಿ, ಒಮ್ಮೆ ನಮ್ಮ ಮಾಸ್ತರರ ಮೀಸೆಯನ್ನೂ ಬರೆದಿದ್ದೆ. ಸಂಜೆ ನಿಮ್ಮವ್ವ ಸೂಗಮ್ಮ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಮರುದಿನ ನೀನು ಕೆಂಪಾದ ಕೈಯನ್ನೇ ಮತ್ತೆ ಚಾಚುತ್ತಿದ್ದೆ.

ಡ್ರಾಯಿಂಗ್ ಪರೀಕ್ಷೆ ಮುಗಿಸಿ ಶಹಾಬಾದಿನಿಂದ ಬರುವಾಗ ವಾಡಿ ಜಂಕ್ಷನ್ನಿನಲ್ಲಿ ರೈಲು ತಪ್ಪಿ ಕೂತದ್ದು ನೆನಪಿದೆಯೇ? ಪಕ್ಕದಲ್ಲಿ ಹೀರಾಬಾಯಿ ಎಂಬ ಲಂಬಾಣಿ ತಾಂಡಾದ ಮುದುಕಿ ಕೂತಿದ್ದಳು. ಮೊಣಕೈವರೆಗೆ ಹಸಿರು ಹಚ್ಚೆ. ಆ ಚಿತ್ತಾರ ನೋಡಿ ಬರೆದುಕೊಳ್ಳಲೇ ಎಂದು ಕೇಳಿದರೆ ಎರಡೂ ತೋಳು ನನ್ನ ಮುಂದಿಟ್ಟಳು. "ಗಂಡ ಸತ್ತಾಗ ಕೈಯಾಗಿನ ಬಳಿ ತಗೊಂಡ್ರು ಬೇಟಾ. ಇದನ್ನ ಯಾರೂ ತಗೋಲಿಕ್ಕೆ ಬರಲಿಲ್ಲ" ಅಂದು ನಕ್ಕಳು. ಅವತ್ತೇ ನಾನು ಇದೇ ಕೆಲಸ ಕಲಿಯುವುದು ಎಂದು ಮನಸ್ಸು ಮಾಡಿದ್ದು. ನಿನಗೆ ಹೇಳಿದಾಗ ನೀನು ಮಿರ್ಚಿ ತಿನ್ನುತ್ತಾ "ಮಾಡು" ಅಂದೆ, ಅಷ್ಟೇ.

ನಮ್ಮ ಮನೆಯಲ್ಲಿ ಆದದ್ದು ನಿನಗೆ ಗೊತ್ತು. ದಿನಾ ಬೆಳಿಗ್ಗೆ ಗೋಪಿಚಂದನ ತೇಯ್ದು ತೋಳಿಗೆ ಶಂಖ ಚಕ್ರದ ಮುದ್ರೆ ಒತ್ತಿಕೊಳ್ಳುವವರು ಅಪ್ಪ. ಸಣ್ಣವಳಿದ್ದಾಗ ನನ್ನ ಕೈಗೂ ಒತ್ತುತ್ತಿದ್ದರು. ಅವರೇ, "ಮುದ್ರಿ ಹಚ್ಚೋ ಮನಿಯೊಳಗ ಹುಟ್ಟಿ ಮಂದಿ ಮೈಗೆ ಸೂಜಿ ಚುಚ್ತೀಯೇನು?" ಎಂದು ಮಾತು ಬಿಟ್ಟರು. ಅಮ್ಮ ಶೇಂಗಾ ಹಿಂಡಿ ಕಟ್ಟಿಕೊಟ್ಟು ಹೈದರಾಬಾದಿನ ರೈಲು ಹತ್ತಿಸಿದಳು. ಅಲ್ಲಿ ಹಚ್ಚೆ ಅಂಗಡಿಯ ಸಾಯಿರಾ ಆಪಾ ನನಗೆ ಮಷೀನು ಹಿಡಿಯಲು ಕಲಿಸಿದ್ದು, ಮೊದಲು ಬಾಳೆಹಣ್ಣಿನ ಸಿಪ್ಪೆ, ಆಮೇಲೆ ರಬ್ಬರಿನ ಹಾಳೆ, ಎಷ್ಟೋ ತಿಂಗಳ ನಂತರ ಮನುಷ್ಯರ ಚರ್ಮ. ಈ ಅಂಗಡಿ ತೆರೆದ ಮೇಲೆ ಭಂಕೂರದ ಕಲ್ಲಿನ ಗಣಿಯ ಹುಡುಗರು ಬಂದು ಅವ್ವನ ಹೆಸರು ಹಾಕಿಸಿಕೊಂಡು ಹೋಗುತ್ತಾರೆ. ಅಪ್ಪ ಮಾತ್ರ ಇತ್ತ ಕಡೆ ಕಾಲಿಡಲಿಲ್ಲ. ನಾನು ಸೇಡಂಗೆ ಹೋದರೆ ಪಂಚಾಂಗ ಹಿಡಿದು ಒಳಗೆ ಹೋಗುತ್ತಿದ್ದರು.

ನೀನು ಬಂದುಹೋದ ಮರುವಾರ ಅಂಗಡಿಗೆ ಬೀಗ ಹಾಕಿ ಮತ್ತೆ ಆಪಾ ಹತ್ತಿರ ಹೋದೆ. ಗಾಯದ ಚರ್ಮ ಬೇರೆಯೇ ಎಂದು ಆಕೆ ವಿವರಿಸಿದಳು. ಒಂದು ಕಡೆ ಬಣ್ಣ ಹಿಡಿಯುವುದೇ ಇಲ್ಲ, ಇನ್ನೊಂದು ಕಡೆ ಹರಡಿಬಿಡುತ್ತದೆ, ಕೈ ಹಗುರಾಗಿರಬೇಕು. ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ ತೋರಿಸಿದಳು. ಕೊನೆಗೆ, ಗೆಳತಿಯ ಎದೆ ಮುಟ್ಟುವ ಮೊದಲು ಬೇರೆ ಯಾರದಾದರೂ ಹಳೆಯ ಗಾಯದ ಮೇಲೆ ಒಬ್ಬಳೇ ಮಾಡು ಎಂದು ಕಳಿಸಿದಳು.

ಯಾರನ್ನು ಕೇಳಲಿ? ಅಮ್ಮನೇ ಮುಂದೆ ಬಂದಳು. ಮಠದ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಅವಳ ಮುಂಗೈ ಸುಟ್ಟಿತ್ತಲ್ಲ, ಆ ಕಲೆ. "ಭಾಗ್ಯಾನ ಸಲುವಾಗಿ ಅಂದಮ್ಯಾಲ ವಿಚಾರ ಏನು ಮಾಡ್ಲಿಕತ್ತೀ? ಒಂದು ತುಳಸಿ ಎಸಳು ತಗಿ" ಎಂದು ಸೇಡಂ ಮನೆಯ ಪಡಸಾಲೆಯಲ್ಲಿ ಕೂತೇಬಿಟ್ಟಳು. ಅಪ್ಪ ಒಳಗೆ ಜೋರಾಗಿ ಸ್ತೋತ್ರ ಓದುತ್ತಿದ್ದರು. ಮಷೀನಿನ ಸದ್ದು ಶುರುವಾದೊಡನೆ ಓದು ನಿಂತಿತು. ಅಮ್ಮ ತುಟಿ ಕಚ್ಚಿಕೊಂಡಳು. ತಲೆ ಎತ್ತಿದರೆ ಅಪ್ಪ ಬಾಗಿಲಲ್ಲಿ.

"ಭಾಳ ನೋವಾಗ್ಲಿಕತ್ತದೇನು?" ಎಂದು ಅಮ್ಮನನ್ನು ಕೇಳಿದರು. ಇಲ್ಲ ಎಂದು ಅವಳು ತಲೆಯಾಡಿಸಿದಳು. ಅವರು ಕಿಟಕಿಯ ಪರದೆ ಪೂರಾ ಸರಿಸಿದರು. ಬೆಳಕು ಅಮ್ಮನ ಕೈಮೇಲೆ ಬಿತ್ತು. ನನ್ನ ಕಡೆ ನೋಡದೆಯೇ, "ಸಾವಕಾಶ ಹಚ್ಚವ್ವಾ. ಆಕಿ ಹೇಳೂದಿಲ್ಲ, ನೀನ ತಿಳ್ಕೋಬೇಕು" ಅಂದರು. ಎಷ್ಟು ವರ್ಷದ ಮೇಲೆ ನನ್ನೊಡನೆ ಆಡಿದ ಮಾತು, ಭಾಗ್ಯಾ! ಕಣ್ಣು ತುಂಬಿ ಗೆರೆ ಕಾಣದೆ ಮಷೀನು ಬಂದ್ ಮಾಡಿ ಕೂತೆ. ಯಾರೂ ಅವಸರ ಮಾಡಲಿಲ್ಲ.

ಈಗ ಅಮ್ಮನ ಕೈ ಮಾಗಿದೆ. ಎಸಳು ಚೆನ್ನಾಗಿ ಕೂತಿದೆ. ಒಂದು ಕಡೆ ಬಣ್ಣ ತುಸು ಮಸುಕು, ಆದರೆ ಯಾಕೆ ಹಾಗಾಯಿತೆಂದು ನನಗೆ ತಿಳಿದಿದೆ, ನಿನ್ನ ಮೇಲೆ ಹಾಗಾಗಲು ಬಿಡುವುದಿಲ್ಲ.

ನಿನಗೆ ಏನು ಬರೆಯಲಿ ಎಂದು ಬಹಳ ಯೋಚಿಸಿದೆ. ಕಮಲ, ಗುಲಾಬಿ ಎಲ್ಲ ಬರೆದು ಹರಿದುಹಾಕಿದೆ. ಮೊನ್ನೆ ಬಣ್ಣ ತರಲು ಹೈದರಾಬಾದಿಗೆ ಹೊರಟು ರೈಲಿನಲ್ಲಿ ಕುರಕುಂಟಾ ದಾಟುವಾಗ ನಿಮ್ಮಪ್ಪನ ಹೊಲ ಕಂಡಿತು, ತೊಗರಿ ಹೂ ಬಿಟ್ಟಿತ್ತು. ನೀನು ಬದುವಿನ ಮೇಲೆ ಕೂತು ಹಸಿಕಾಯಿ ಸುಲಿಸುಲಿದು ನನ್ನ ಉಡಿಗೆ ಹಾಕುತ್ತಿದ್ದ ಹೊಲ. ಒಂದು ತೊಗರಿ ಟೊಂಗೆ ಬರೆದಿದ್ದೇನೆ. ಕಂಕುಳಿನಿಂದ ಹೊರಟು ಗೆರೆಯ ಗುಂಟವೇ ನಡೆಯುತ್ತದೆ. ಹಳದಿ ಹೂ, ಬೆನ್ನಿಗೆ ಸಣ್ಣ ಕೆಂಪು ಗೀರು, ನಡುವೆ ಒಂದೆರಡು ಎಳೆಕಾಯಿ. ಹಿಡಿಸದಿದ್ದರೆ ಬೇರೆ ಹೇಳು, ಸಂಕೋಚ ಮಾಡಬೇಡ.

ಸಂಕ್ರಾಂತಿಗೆ ಮುಂಚೆ ಬಾ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಎರಡು ಮೂರು ಸಲ ಬರಬೇಕಾದೀತು. ಆಗಲಿ, ಆ ನೆಪದಲ್ಲಾದರೂ ನನ್ನ ಜೊತೆ ಇರು.

ನಿನ್ನ ಮುಂಗೈ ಹಾಳುಮಾಡಿದವಳು,
ಪ್ರಮಿತಾ

ತಾ.ಕ.: ಯಾರಿಗೂ ಹೇಳದ ಮಾತೊಂದಿದೆ. ನನ್ನ ಮೈಮೇಲೆ ಒಂದೇ ಒಂದು ಹಚ್ಚೆಯಿಲ್ಲ. ಗಿರಾಕಿಗಳು ಕೇಳಿದರೆ ತೋರಿಸುವಂಥ ಜಾಗದಲ್ಲಿಲ್ಲ ಎಂದು ಸುಳ್ಳು ಹೇಳುತ್ತೇನೆ. ನನಗೆ ಸೂಜಿ ಎಂದರೆ ಜೀವಭಯ ಕಣೇ. ನಿನ್ನ ಟೊಂಗೆ ಮುಗಿಯುವ ದಿನ ಸಾಯಿರಾ ಆಪಾಳನ್ನು ಕರೆಸುತ್ತೇನೆ. ನೀನು ಎದ್ದ ಕುರ್ಚಿಯಲ್ಲೇ ನಾನು ಕೂಡುತ್ತೇನೆ, ಒಂದೇ ಒಂದು ಹೂವಿಗೆ. ನನ್ನ ಕೈ ಗಟ್ಟಿಯಾಗಿ ಹಿಡಿದುಕೋ, ಎದ್ದು ಓಡಲು ಬಿಡಬೇಡ.