ಕಿಟಕಿಕಟ್ಟೆಯ ಪಿಂಗಾಣಿ ಲೋಟ

ಅಟ್ಲಾಂಟಾ
೧೮ ಮೇ ೧೯೭೪

ಪ್ರೀತಿಯ ಜಾನಕ್ಕನಿಗೆ,

ನಿನ್ನ ತಮ್ಮ ಅಚ್ಯುತ ಮಾಡುವ ಸಾಷ್ಟಾಂಗ ನಮಸ್ಕಾರ. ಮಾರ್ಚಿನಲ್ಲಿ ಬಂದ ಕಾಗದಕ್ಕೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಕಾರಣ ಕೇಳಬೇಡ. ಕೇಳಿದರೆ ಪರೀಕ್ಷೆ ಪತ್ರಿಕೆ ತಿದ್ದುತ್ತಿದ್ದೆ ಎನ್ನುತ್ತೇನೆ, ನೀನು ನಂಬುವುದಿಲ್ಲ, ಇಬ್ಬರಿಗೂ ಸುಮ್ಮನೆ ಕಷ್ಟ.

ಅಮ್ಮ ಚೆನ್ನಾಗಿದ್ದಾಳೆ. ಟಬ್ಬಿನಲ್ಲಿ ಮುಳುಗಿ ಕೂರುವುದು ಎಮ್ಮೆಯ ಕೆಲಸವೆಂದು ತೀರ್ಪು ಕೊಟ್ಟು, ಅದರೊಳಗೆ ಮಣೆ ಹಾಕಿಸಿಕೊಂಡು ಚೊಂಬಿನಲ್ಲಿ ನೀರು ಹುಯ್ದುಕೊಳ್ಳುತ್ತಾಳೆ. ಮಡಿಬಟ್ಟೆ ಷವರಿನ ಕಂಬಿಯ ಮೇಲೆ ಒಣಗುತ್ತದೆ. ಮೊನ್ನೆ ಮುಖ ತೊಳೆಯಲು ಹೋದ ನಿನ್ನ ತಮ್ಮ ಅದನ್ನು ಸೋಕಿಬಿಟ್ಟ. "ಲೋ, ಮುಟ್ಟಿಬಿಟ್ಯಲ್ಲೋ! ಏನು ಓದಿದ್ರೇನು ಬಂತು!" ಎಂದು ಅಮ್ಮ ಆಡಿದ್ದು ಬೀದಿಗೆಲ್ಲ ಕೇಳಿಸಿತು. ಪುಣ್ಯಕ್ಕೆ ಬೀದಿಗೆ ಕನ್ನಡ ಬಾರದು.

ಬೀದಿ ಎಂದೊಡನೆ ನೆನಪಾಯಿತು. ನಾನು ಹೇಳುವ ಪಾಠವೇನೆಂದು ಭಾವ ಕೇಳಿದ್ದರಲ್ಲ? ಎಂಬತ್ತು ವರ್ಷದ ಹಿಂದೆ ಈ ದೇಶದ ಊರುಗಳು ಹೇಗೆ ಉಬ್ಬಿದವು, ಹಡಗಿಳಿದವರು ಎಲ್ಲಿ ಗುಂಪುಗಟ್ಟಿದರು, ಹಳ್ಳಿ ಬಿಟ್ಟು ಬಂದ ಕರಿಯರನ್ನು ಯಾವ ಗೆರೆಯಾಚೆ ನಿಲ್ಲಿಸಿದರು, ಇದು ಪಾಠ. ಇದಕ್ಕೆ ಸಂಬಳವನ್ನೂ ಕೊಡುತ್ತಾರೆಂದು ಭಾವನಿಗೆ ತಿಳಿಸು. ಈ ಊರಲ್ಲಿ ಒಂದೇ ರಸ್ತೆ ಅರ್ಧ ದಾರಿಯಲ್ಲಿ ಹೆಸರು ಬದಲಾಯಿಸುತ್ತದೆ. ಕರಿಯರ ವಿಳಾಸವೇ ತಮ್ಮದೂ ಆಗಬಾರದೆಂದು ಬಿಳಿಯರು ಮಾಡಿಕೊಂಡ ಹಳೆಯ ಏರ್ಪಾಡು. ಬಂದ ಹೊಸತರಲ್ಲಿ ನಾನು ನಮ್ಮ ರಸ್ತೆಯಲ್ಲೇ ನಿಂತು ನಮ್ಮ ರಸ್ತೆಗೆ ದಾರಿ ಕೇಳಿದ್ದೇನೆ.

ಮನೆ ಹುಡುಕುವಾಗ ರಸ್ತೆಯ ಆ ತುದಿಯ ಮನೆಗಳೆಲ್ಲ ನನ್ನ ಮುಖ ಕಂಡೊಡನೆ 'ಈಗ ತಾನೇ' ಬಾಡಿಗೆಗೆ ಹೋಗಿಬಿಡುತ್ತಿದ್ದವು. ಈ ತುದಿಯಲ್ಲಿ ಮಿಸೆಸ್ ಪರ್ಕಿನ್ಸ್ ಬಾಗಿಲು ತೆಗೆದರು. ಕರಿಯರು, ಎಪ್ಪತ್ತರ ಹತ್ತಿರ, ನಿವೃತ್ತರಾದ ಸ್ಕೂಲ್ ಮೇಡಮ್ಮು. "ನಿಮ್ಮಲ್ಲಿ ಯಾರಾದರೂ ತುತ್ತೂರಿ ಊದುತ್ತೀರಾ?" ಎಂದು ಕೇಳಿದರು. ಇಲ್ಲ ಎಂದೆ. ಮಹಡಿಯ ಬೀಗದಕೈ ಕೊಟ್ಟರು. ಹಿಂದಿನ ಬಾಡಿಗೆಯವನು ಊದುತ್ತಿದ್ದನಂತೆ.

ಈಗ ಅವರೇ ಅಮ್ಮನ ಪರಮ ಗೆಳತಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅದರಿಂದ ಜಗಳಕ್ಕೂ ಆಸ್ಪದವಿಲ್ಲ. ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಾರೆ. ಹೌದು, ಇಲ್ಲಿನವರಿಗೂ ಅಲಸಂದೆ, ಬೆಂಡೆಕಾಯಿ ಎಂದರೆ ಪ್ರಾಣ. "ನಮ್ಮೋರ ಥರಾನೇ ಕಣೋ ಇವ್ರೂ," ಎಂದಳು ಅಮ್ಮ.

ಆದರೆ, ಜಾನಕ್ಕ, ಲೋಟ. ಕಾಗದ ಬರೆಯಲು ನಿಜವಾದ ಕಾರಣ ಅದು. ಸಂಜೆ ಮಿಸೆಸ್ ಪರ್ಕಿನ್ಸ್ ಕಾಫಿಗೆ ಮೇಲೆ ಬರುತ್ತಾರೆ. ಅವರಿಗೆಂದೇ ಅಮ್ಮ ನೀಲಿ ಹೂವಿನ ಪಿಂಗಾಣಿ ಲೋಟವೊಂದನ್ನು ಕೊಳ್ಳಿಸಿದ್ದಾಳೆ. ಅದು ಸ್ಟೀಲು ಲೋಟಗಳ ಸಾಲಿಗೆ ಬಾರದೆ ಅಡಿಗೆಮನೆಯ ಹೊರಗೆ ಕಿಟಕಿಕಟ್ಟೆಯ ಮೇಲೆ ಒಂಟಿಯಾಗಿ ಇರುತ್ತದೆ. ಅವರೇ ಎತ್ತಿಕೊಳ್ಳಬೇಕು, ಅಮ್ಮ ಗೇಣೆತ್ತರದಿಂದ ಕಾಫಿ ಹುಯ್ಯುತ್ತಾಳೆ. ಮಿಸೆಸ್ ಪರ್ಕಿನ್ಸ್ ಇದನ್ನು ದೊಡ್ಡ ಗೌರವವೆಂದು ತಿಳಿದಿದ್ದಾರೆ. ಚರ್ಚಿನ ಗೆಳತಿಯರಿಗೆಲ್ಲ, "ಪ್ರೊಫೆಸರರ ತಾಯಿ ನನಗೊಬ್ಬಳಿಗೇ ಅಂತ ಒಂದು ಲೋಟ ತೆಗೆದಿಟ್ಟಿದ್ದಾರೆ, ಎಷ್ಟು ಚೆಂದ ನೋಡಿ," ಎಂದು ಹೇಳಿಕೊಂಡು ಬಂದಿದ್ದಾರೆ. ಬಿಳಿಯರ ಅಂಗಡಿಯ ಹಿಂಬಾಗಿಲಲ್ಲಿ ಬೇರೆ ಲೋಟದಲ್ಲಿ ನೀರು ಕುಡಿದು ಬೆಳೆದ ಹೆಂಗಸು. ನಿಜ ತಿಳಿದ ದಿನ ನಮ್ಮ ಮುಖ ನೋಡುತ್ತಾರೆಯೇ?

ವನಮಾಲಾ ನನ್ನನ್ನು ಬಿಟ್ಟಿಲ್ಲ. "ಕ್ಲಾಸಲ್ಲಿ ಒಂದು ಗಂಟೆ ಲೆಕ್ಚರ್ ಮಾಡ್ತೀರಲ್ಲ, ಮನೇಲಿ ಒಂದು ನಿಮಿಷ ಮಾಡಿ ನೋಡೋಣ."

"ಅದು ಮಡಿ ಕಣೆ, ಬೇರೆ ವಿಷಯ. ಸ್ನಾನ ಆಗೋವರೆಗೂ ಅಮ್ಮ ನನ್ನನ್ನೂ ಮುಟ್ಟಲ್ಲ. ಅವಳಿಗೆ ಎಲ್ಲಾರೂ ಒಂದೇ."

"ನಿಮ್ಮ ಲೋಟ ಕಿಟಕೀಲಿ ಇದ್ಯಾ?"

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದರೆ ಇದೊಂದು ತೊಂದರೆ. ಮನೆಯಲ್ಲೂ ಪರೀಕ್ಷೆ ಮಾಡುತ್ತಾಳೆ. ಆದರೂ ನಾನು ಜಗ್ಗಲಿಲ್ಲ. ಮಡಿ ಯಾರನ್ನೂ ಕಂಡು ಹುಟ್ಟಿದ್ದಲ್ಲ, ಮಾಂಸ ತಿನ್ನುವವರು ಯಾರೇ ಬಂದರೂ ಅಮ್ಮ ಹೀಗೇ ಮಾಡುತ್ತಾಳೆ ಎಂದು ಪ್ರಬಂಧವನ್ನೇ ಮಂಡಿಸಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಅಮ್ಮ ಕೇಳುವುದು ನಿನ್ನ ಮಾತೊಂದನ್ನೇ. ಪರದೇಶದಲ್ಲಿ ಲೋಟಕ್ಕೆ ಮಡಿಯಿಲ್ಲವೆಂದು ನಿಮ್ಮ ಹಾಸನದ ಜೋಯಿಸರೇ ಹೇಳಿದರೆಂದು ಒಂದು ಸಾಲು ಬರೆ. ಜೋಯಿಸರನ್ನು ಕೇಳಲು ಹೋಗಬೇಡ, ಸುಮ್ಮನೆ ಬರೆ. ಅವಳಿಗೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಡಾಕ್ಟರೇಟಿನಲ್ಲಿ ಆ ವಿಷಯ ಇರಲಿಲ್ಲ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಮಾವನ ಆಶೀರ್ವಾದ. ಲೆಕ್ಕದಲ್ಲಿ ಮುಂದೆ ಬರಲಿ, ಚರಿತ್ರೆಯ ಕಡೆ ತಲೆ ಹಾಕದಿರಲಿ.

ಇತಿ ನಿನ್ನ ತಮ್ಮ,
ಅಚ್ಯುತ

ತಾ.ಕ.: ಏರೋಗ್ರಾಮಿನ ಮಡಿಕೆಯಲ್ಲಿ ಉಳಿದ ಜಾಗದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸಣ್ಣ, ಕ್ಷಮಿಸು. ಅಂಟಿಸುವ ಮೊದಲು ಭಾನುವಾರ ಬಂತು. ನಮ್ಮ ವಿಭಾಗದ ಮುಖ್ಯಸ್ಥರು, ಹಾಲೋವೇ ಎಂಬವರು, ಹೇಳದೆ ಕೇಳದೆ ಬಂದರು. ಬಿಳಿಯರು; ದನದ ಮಾಂಸವಿಲ್ಲದೆ ಊಟ ಸೇರದವರು, ಅದು ಅಮ್ಮನಿಗೂ ಗೊತ್ತು. ಮಿಸೆಸ್ ಪರ್ಕಿನ್ಸ್ ಆಗಲೇ ನೀಲಿ ಲೋಟ ಹಿಡಿದು ಕೂತಿದ್ದರು. ಅಮ್ಮ ಒಳಗೆ ಹೋದಳು, ದೇವರ ಪೆಟ್ಟಿಗೆಯ ಪಕ್ಕದಿಂದ ಅಪ್ಪನ ಬೆಳ್ಳಿ ಲೋಟ ತೆಗೆದಳು, ಕಾಫಿ ತುಂಬಿ, ಸೆರಗು ಸರಿಮಾಡಿಕೊಂಡು, ಎರಡೂ ಕೈಯಿಂದ ಹಾಲೋವೇಯವರ ಕೈಗೇ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅವಳು ಸ್ನಾನಕ್ಕೆ ಹೋಗಲಿಲ್ಲ.

ಮಿಸೆಸ್ ಪರ್ಕಿನ್ಸ್ ಬೆಳ್ಳಿ ಲೋಟ ನೋಡಿದರು. ಕಿಟಕಿಕಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕಾಫಿ ಪೂರ್ತಿ ಕುಡಿದು, ನೀಲಿ ಲೋಟವನ್ನು ತಾವೇ ತೊಳೆದು ಒರೆಸಿ, "ಇದು ನನ್ನದು ತಾನೇ, ಪ್ರೊಫೆಸರ್? ಇನ್ನು ಕೆಳಗೇ ಇಟ್ಟುಕೊಳ್ಳುತ್ತೇನೆ," ಎಂದು ಹೇಳಿ ಮೆಟ್ಟಿಲಿಳಿದರು. ವನಮಾಲಾ ಖಾಲಿ ಕಿಟಕಿಕಟ್ಟೆಯನ್ನು ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

ನೀನು ಜೋಯಿಸರ ಹೆಸರಲ್ಲಿ ಏನೂ ಬರೆಯಬೇಡ. ಮೂರು ದಿನದಿಂದ ಅಮ್ಮ ಸಂಜೆ ಡಿಕಾಕ್ಷನ್ ಇಳಿಸಿಕೊಂಡು, ಜಗಲಿಯಲ್ಲಿ ಅಲಸಂದೆಯ ಮೊರ ಮುಂದಿಟ್ಟುಕೊಂಡು ಕಾಯುತ್ತಿದ್ದಾಳೆ. "ಆಯಮ್ಮ ಯಾಕೋ ಬರ್ತಾನೇ ಇಲ್ವಲ್ಲೋ, ಅಚ್ಚು?" ಎಂದು ಇವತ್ತೂ ಕೇಳಿದಳು.

"ಕಾಲು ನೋವಂತಮ್ಮ" ಎಂದೆ.