ಹದಿನೆಂಟರ ನಂತರದ ಖಾಲಿ ಹಾಳೆಗಳು

ಗದಗ, ಫೆಬ್ರವರಿ 30, 2214

ನೀಲಗಂಗಾಳ ತಾಯಿಯವರಿಗೆ ಈರವ್ವ ಕಣಗಿನಹಾಳಳ ನಮಸ್ಕಾರಗಳು.

ತಾರೀಖನ್ನು ಕೈತಪ್ಪಿ ಬರೆದೆನೆಂದು ತಿಳಿಯಬೇಡಿ. ನಮ್ಮ ಹಿರಿಯರು ಜುಲೈಯಿಂದ ಒಂದು ದಿನ, ಆಗಸ್ಟಿನಿಂದ ಒಂದು ದಿನ ಕಿತ್ತು ಪಾಪದ ಫೆಬ್ರವರಿಗೆ ಕೊಟ್ಟರು. ನನ್ನ ಕನ್ನಡವೂ ಹಾಗೆಯೇ ಅಲ್ಲಿಂದಿಲ್ಲಿಂದ ಕಿತ್ತು ತಂದದ್ದು, ನಿಮ್ಮ ಕಾಲದ ಪುಸ್ತಕ ಓದಿ ಕಲಿತದ್ದು. ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಹೆಸರು ಹಿಡಿದು ಬರೆಯೋಣವೆಂದರೆ ನೀವು ಎಲ್ಲಿಯೂ ಹೆಸರು ಹಾಕಿಲ್ಲ. ಪ್ರತಿ ಪುಟದ ಕೆಳಗೂ ‘ನೀಲಗಂಗಾನ ಅವ್ವ’ ಎಂದೇ ಸಹಿ.

ನಾನು ಇಲ್ಲಿಯ ಹಳೇ ಕಾಗದಗಳ ಮನೆಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಗಳ ಶಾಲೆಯ ಚೀಲದಲ್ಲಿ ದಿನವೂ ಹೋಗಿ ಬರುತ್ತಿದ್ದ ಆ ಇನ್ನೂರು ಪುಟದ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಬೆಳಗ್ಗೆ ನೀವು ಬರೆಯುತ್ತಿದ್ದಿರಿ, ಸಂಜೆಗೆ ಜುಬೇದಾ ಟೀಚರ್ ಉತ್ತರ ಬರೆಯುತ್ತಿದ್ದರು. ‘ಟೀಚರ್, ಇವತ್ತ ಉಪ್ಪಿಟ್ಟ ಮುಟ್ಟಿಲ್ರಿ, ಬಾಳೆಹಣ್ಣ ಹಿಚುಕಿ ತಿನಸ್ರಿ.’ ‘ತಿನಿಸೇನ್ರಿ ಅವ್ವಾರ. ಎರಡ ತಿಂದ್ಲು. ಗಂಟಿ ಬಾರಿಸಿದ ಕೂಡ್ಲೆ ನಕ್ಕಳು.’ ಮಾತು ಬಾರದ, ತಾನಾಗಿ ಉಣ್ಣಲಾಗದ ಹುಡುಗಿಯ ನಗೆಯನ್ನು ಇಬ್ಬರು ಹೆಂಗಸರು ಇಷ್ಟು ಜತನದಿಂದ ಬರೆದಿಟ್ಟದ್ದನ್ನು ಓದಿ ನಾನು ಅತ್ತಿದ್ದೇನೆ. ನನ್ನ ತಮ್ಮ ಕಲ್ಮೇಶಿಯೂ ನಿಮ್ಮ ನೀಲಗಂಗಾಳಂತೆಯೇ.

ಅವನಿಗೀಗ ಹದಿನೇಳು. ಅವ್ವ ಅಪ್ಪ ಇಲ್ಲ, ಮನೆಯಲ್ಲಿ ನಾವಿಬ್ಬರೇ. ಆದರೂ ನಾನು ಕೆಲಸಕ್ಕೆ ಬರಲು ಸಾಧ್ಯವಾಗಿರುವುದು ಹೆಗಲುಪಾಳಿಯಿಂದ. ಕೈಕಾಲು ಗಟ್ಟಿ ಇರುವ ಪ್ರತಿಯೊಬ್ಬರೂ ವಾರಕ್ಕೆ ಅರ್ಧ ದಿನ ಇಂಥವರೊಬ್ಬರ ಪಕ್ಕದಲ್ಲಿರಬೇಕು ಎಂಬ ಏರ್ಪಾಡು ಅದು. ಸೋಮವಾರ ನೇಕಾರ ಗುರಪ್ಪಜ್ಜ ಅವನನ್ನು ಮಗ್ಗದ ಮನೆಗೆ ಕರೆದೊಯ್ಯುತ್ತಾರೆ. ಮಗ್ಗದ ಸದ್ದಿಗೆ ತಲೆ ಅಲ್ಲಾಡಿಸುವುದೇ ಅಲ್ಲಿ ಅವನ ಕೆಲಸ. ಅದೆಂಥ ಕೆಲಸ ಎಂದು ಯಾರಾದರೂ ನಕ್ಕರೆ ಅಜ್ಜನಿಗೆ ಸಿಟ್ಟು ಬರುತ್ತದೆ: ‘ಇವ ಬಂದ ದಿನಾ ನನ್ನ ಒಂದ ಎಳಿ ಹರಿಯೂದಿಲ್ಲ, ಗೊತ್ತೈತೇನು?’ ಮಂಗಳವಾರ ರೊಟ್ಟಿ ಬಡಿಯುವವರ ಜೊತೆ. ಅಂದು ಒಂದು ರೊಟ್ಟಿ ಅವನ ಹೊಟ್ಟೆಗೆ, ಇನ್ನೊಂದು ಅಂಗಿಗೆ. ಸಂಜೆ ಅಂಗಿಯ ಕಲೆ ನೋಡಿಯೇ ಅವನ ದಿನ ಹೇಗೆ ಕಳೆಯಿತೆಂದು ನಾನು ತಿಳಿಯುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಈ ವರ್ಷ ಕೆರೆಯ ಹೂಳೆತ್ತಲು ಆಳು ಸಾಲುತ್ತಿಲ್ಲ. ದೊಡ್ಡವರಾದವರಿಗೂ ಹೆಗಲುಪಾಳಿ ಯಾಕೆ ಎಂದು ಕೆಲವರು ತಕರಾರು ತೆಗೆದರು. ನಮ್ಮಲ್ಲಿ ತಕರಾರು ಬಂದಾಗ ಹಿಂಗೇಳಿಕೆ ನಡೆಯುತ್ತದೆ. ಅಂದರೆ, ಹಿಂದಿನವರು ಹೇಗೆ ಮಾಡುತ್ತಿದ್ದರೆಂದು ನಮ್ಮ ಕಾಗದಗಳ ಮನೆಯನ್ನು ಕೇಳುತ್ತಾರೆ, ಉತ್ತರ ಬಂದಂತೆ ನಡೆಯುತ್ತಾರೆ. ನಮ್ಮವರಿಗೆ ನಿಮ್ಮ ಮೇಲೆ ಅಷ್ಟು ಭಕ್ತಿ. ಇಂಥವರಿಗೆ ಎಷ್ಟು ವಯಸ್ಸಿನ ತನಕ ಜೊತೆ ಬೇಕಾಗಿತ್ತು ಎಂಬ ಪ್ರಶ್ನೆ ನನ್ನ ಬಳಿ ಬಂತು. ನಿಮ್ಮಂಥವರ ನಲವತ್ತೊಂದು ನೋಟ್‌ಬುಕ್ ತೆಗೆದು ನೋಡಿದೆ. ಎಲ್ಲವೂ ಹದಿನೆಂಟಕ್ಕೆ ನಿಂತಿವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಒಂದು ಸಾಲು ಬರೆದುಕೊಟ್ಟೆ: ‘ಹದಿನೆಂಟರ ನಂತರ ಏನೂ ಬರೆದಿಲ್ಲ.’ ಊರ ಸಭೆಯವರು ಅದನ್ನು ಹದಿನೆಂಟರ ನಂತರ ಏನೂ ಬೇಕಾಗಿರಲಿಲ್ಲ ಎಂದು ತಿಳಿದು ಕೈ ಎತ್ತಿದರು. ಹದಿನೆಂಟು ತುಂಬಿದವರಿಗೆ ಇನ್ನು ಹೆಗಲುಪಾಳಿ ಇಲ್ಲವೆಂದು ಠರಾವಾಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಗಾಬರಿಯಾಗಿ ನೀವು ಕೊನೆಯದಾಗಿ ಬರೆದ ಪುಟ ಹಿಡಿದುಕೊಂಡು ಸಭೆಗೆ ಓಡಿದೆ. ಶುಕ್ರವಾರ ಟೀಚರ್ ಬರೆದದ್ದನ್ನು ಮೊದಲು ಓದಿದೆ: ‘ನೀಲಗಂಗಾಗ ಹದಿನೆಂಟ ತುಂಬಿತ್ರಿ ಅವ್ವಾರ. ಇನ್ನ ಶಾಲ್ಯಾಗ ಇಟ್ಕೊಳ್ಳಾಕ ಬರೂದಿಲ್ಲಂತ. ನನಗೂ ಭಾಳ ಸಂಕಟ ಆಗೈತ್ರಿ.’ ಅದರ ಕೆಳಗೆ ಸೋಮವಾರ ನೀವು ಬರೆದದ್ದು: ‘ಟೀಚರ್, ಇವತ್ತೂ ಏಳಕ್ಕ ಎದ್ದು ಚೀಲ ಹಾಕ್ಕೊಂಡು ಬಾಗಲದಾಗ ಕುಂತಾಳ್ರಿ. ಬಸ್ ಬರೂದಿಲ್ಲಂತ ಈಕಿಗೆ ಹೆಂಗ ಹೇಳ್ಲಿ? ಇನ್ನ ಎಲ್ಲಿ ಕಳಸ್ಲಿರಿ?’ ಸಭೆಯ ಹಿರಿಯರು ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಆಮೇಲೆ ಹೇಳಿದರು: ‘ಬಸ್ ತಡಾ ಆಗಿರಬೇಕವ್ವಾ. ಆಮ್ಯಾಲೆ ಬಂದಿರ್ತೈತಿ. ಬಾಳೆಹಣ್ಣ ತಿಂದದ್ದೂ ಬರದಿಟ್ಟ ಮಂದಿ, ಆ ಹುಡುಗೀನ ಬಾಗಲದಾಗ ಹಂಗ ಬಿಟ್ಟಿರ್ತಾರೇನು?’ ನಾನು ನೋಟ್‌ಬುಕ್ ಮಡಿಚಿಕೊಂಡು ಹಿಂದಿರುಗಿದೆ.

ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಹದಿನೆಂಟು ತುಂಬಿದ ಮರುದಿನ ಅವರೆಲ್ಲ ತಾವಾಗಿ ಎದ್ದು ಉಂಡು ಮಾತಾಡತೊಡಗಿದರೇ? ಇನ್ನೂ ದೊಡ್ಡ ಶಾಲೆಯೊಂದಿದ್ದು, ಊರಿಗೆಲ್ಲ ಗೊತ್ತಿದ್ದ ಆ ವಿಳಾಸವನ್ನು ಯಾರೂ ಬರೆಯಲಿಲ್ಲವೇ? ಅಥವಾ ಮುಂದಿನದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿರಾ? ಮತ್ತೊಂದು ಯೋಚನೆಯೂ ಬರುತ್ತದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಅವ್ವನವರೇ, ಕಲ್ಮೇಶಿಗೆ ಹದಿನೆಂಟು ತುಂಬಲು ಹನ್ನೊಂದು ದಿನ ಉಳಿದಿವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅರವತ್ತಮೂರು ಖಾಲಿ ಹಾಳೆಗಳಿವೆ. ಆ ಸೋಮವಾರದ ಮರುದಿನ, ಮಂಗಳವಾರ ಏನಾಯಿತು ಎಂದು ಒಂದು ಸಾಲು ಬರೆಯಿರಿ. ನೀವು ಅಲ್ಲಿ ಬರೆದರೆ ಇಲ್ಲಿ ನನಗೆ ಕಾಣಬೇಕು ಎಂದುಕೊಂಡಿದ್ದೇನೆ. ದಿನಾ ಬೆಳಗ್ಗೆ ಬಂದ ಕೂಡಲೇ ಆ ಹಾಳೆಗಳನ್ನು ತಿರುವಿ ನೋಡುತ್ತೇನೆ. ಬಸ್ಸು ಬಂದಿದ್ದರೆ ಎಲ್ಲಿಗೆ ಹೋಯಿತೆಂದು ತಿಳಿಸಿ, ಕಲ್ಮೇಶಿಯನ್ನೂ ಅಂಥಲ್ಲಿಗೇ ಕಳಿಸುತ್ತೇನೆ. ಬಾರದಿದ್ದರೆ ಬರಲಿಲ್ಲ ಎಂದೇ ದಪ್ಪ ಅಕ್ಷರದಲ್ಲಿ ಬರೆಯಿರಿ, ಸಭೆಗೆ ಓದಿ ಹೇಳುತ್ತೇನೆ. ನೀವು ಏನೂ ಬರೆಯದಿದ್ದರೆ ಹದಿನೆಂಟು ತುಂಬಿದ ದಿನ ಬೆಳಗ್ಗೆ ಏಳಕ್ಕೆ ಅವನಿಗೆ ಒಗೆದ ಅಂಗಿ ತೊಡಿಸಿ ಬಾಗಿಲಲ್ಲಿ ಕೂರಿಸುತ್ತೇನೆ. ಹದಿನೆಂಟಾದವರಿಗೆ ನೀವು ಏನು ಮಾಡುತ್ತಿದ್ದಿರಿ ಎಂಬುದಕ್ಕೆ ನನ್ನ ಬಳಿ ಇರುವ ಬರಹ ಅದೊಂದೇ.

ಇಂತಿ,
ಕಲ್ಮೇಶಿಯ ಅಕ್ಕ